ಅಪ್ಪನ ಎಡಗಾಲು

ನಿನ್ನೆ ಫೋನ್ ಅಪ್‌ಡೇಟ್ ಆಯಿತು. ಯಾರಿಗೆ ಬೇಕಿತ್ತೋ, ಹಸಿರು ಗುಂಡಿ ಇದ್ದ ಜಾಗದಲ್ಲಿ ಈಗ ಕೆಂಪು ಗುಂಡಿ ಕೂತಿದೆ. ಇವತ್ತು ಅಪ್ಪನ ಕರೆ ಬಂದಾಗ ನನ್ನ ಹೆಬ್ಬೆರಳು ಹಳೆಯ ಜಾಗವನ್ನೇ ಒತ್ತಿತು, ಕರೆ ಕಟ್ಟಾಯಿತು. ಮಗಳು ಬಿದ್ದು ಬಿದ್ದು ನಕ್ಕಳು.

ನಾನೂ ಒಮ್ಮೆ ಹೀಗೇ ನಕ್ಕಿದ್ದೆ.

ಶಿರಸಿಯ ಬಸ್‌ಸ್ಟ್ಯಾಂಡ್ ಹತ್ತಿರ ಅಪ್ಪನ ಟೇಲರ್ ಅಂಗಡಿಯಿತ್ತು. ಅಲ್ಲಿ ಸದಾ ಮೆಷಿನ್ ಎಣ್ಣೆಯ ವಾಸನೆ. ವರ್ಷಗಟ್ಟಲೆ ತುಳಿದ ಹೊಲಿಗೆ ಯಂತ್ರಕ್ಕೆ ಅಪ್ಪ ಮೋಟಾರು ಹಾಕಿಸಿದರು. ಬಲಗಾಲಿನಿಂದ ಪುಟ್ಟ ಸ್ವಿಚ್ ಒತ್ತಿದರೆ ಸಾಕು, ಯಂತ್ರ ಓಡುತ್ತಿತ್ತು. ಆದರೆ ಅವರ ಎಡಗಾಲು ಮಾತ್ರ ಬೆಲ್ಟ್ ಕಳಚಿದ ಹಳೆಯ ಪೆಡಲನ್ನು ತುಳಿಯುತ್ತಲೇ ಇರುತ್ತಿತ್ತು.

“ಅಪ್ಪಾ, ಅದ್ನ ಎಂತಕ್ಕೆ ತುಳೀತ್ಯಾ? ಅದಕ್ಕೆ ಬೆಲ್ಟೇ ಇಲ್ಲ!” ಎಂದು ಗಿರಾಕಿಗಳ ಎದುರೇ ನಕ್ಕೆ. ಗಿರಾಕಿಗಳೂ ನಕ್ಕರು. ಅಪ್ಪ ನಾಚಿ ಕಾಲು ಹಿಂದಕ್ಕೆ ಎಳೆದುಕೊಂಡರು. ಮರುಕ್ಷಣವೇ ಹೊಲಿಗೆ ಅಡ್ಡಾದಿಡ್ಡಿ ಓಡಿ, ಯಾರದೋ ಶಾಲೆಯ ಅಂಗಿಯ ಕಾಲರ್ ಕೆಟ್ಟಿತು. ಅವರು ಬೈಯಲಿಲ್ಲ. ಬ್ಲೇಡಿನಿಂದ ಒಂದೊಂದೇ ದಾರ ಬಿಚ್ಚುತ್ತ, “ಕಾಲು ಆಡದಿದ್ರೆ ಕೈಗೆ ಹದ ಸಿಗೂದಿಲ್ಲ ಮಗಾ” ಎಂದರು.

ಈಗ ನಾನೇ ಅಪ್ಪನಿಗೆ ಫೋನ್ ಮಾಡಿದೆ.

“ಎಂತಾ ಆತೇ? ಕಟ್ ಮಾಡಿದ್ಯಲ್ಲ!”

“ಗುಂಡಿ ಜಾಗ ಬದಲಾಗಿದೆ ಅಪ್ಪಾ. ಬೆರಳು ಹಳೇ ಜಾಗಕ್ಕೇ ಹೋಗ್ತದೆ.”

ಮಗಳು ಮತ್ತೆ ಕಿಸಕ್ಕೆಂದಳು. ಅಪ್ಪ ನಗಲಿಲ್ಲ.

“ಹೋಗ್ಲಿ ಬಿಡು,” ಎಂದರು. “ಬೆರಳಿಗೆ ಹೆಂಗೆ ಗೊತ್ತಾಗ್ಬೇಕು, ಪಾಪ.”