ವಿಷದ ಪುಸ್ತಕ, ಅತ್ತೆಯ ಕಾಫಿ

ಪುಸ್ತಕ ಆರಿಸಿದವಳು ನಾನೇ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಹೊಟ್ಟೆ ತುಂಬ ಉಂಡೆ.

ಅಡ್ಯಾರಿನ ನಮ್ಮ ಸುತ್ತಮುತ್ತಲಿನ ಏಳೆಂಟು ಕನ್ನಡದ ಹೆಂಗಸರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಎಲ್ಲರೂ ಓದಿದ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಯಾರ ಮನೆಯೋ ಅವರೇ ಪುಸ್ತಕ ಆರಿಸಬೇಕು, ಅವರೇ ತಿಂಡಿ ಮಾಡಬೇಕು. ಇರುವುದು ಒಂದೇ ಕಾನೂನು: ಅಭಿಪ್ರಾಯ ಹೇಳಿದ ಮೇಲೇ ತಿಂಡಿ. ತಿಂಡಿ ಮೊದಲು ಕೊಟ್ಟರೆ ಉಪ್ಪು ತಿಂದ ಮನೆ ಎಂಬ ದಾಕ್ಷಿಣ್ಯಕ್ಕೆ ಎಲ್ಲರೂ ‘ಚೆನ್ನಾಗಿದೆ, ಚೆನ್ನಾಗಿದೆ’ ಎಂದು ಬಾಯಿ ಒರೆಸಿಕೊಂಡು ಹೋಗಿಬಿಡುತ್ತಾರೆ.

ಸಂತರ ಚರಿತ್ರೆಗಳನ್ನು ಓದಿ ಓದಿ ನನಗೆ ಸಾಕಾಗಿತ್ತು. ನನ್ನ ಸರದಿ ಬಂದಾಗ ನಿಜವಾಗಿ ನಡೆದ ಕೊಲೆಗಳ ಪುಸ್ತಕವೊಂದನ್ನು ತಂದೆ. ಯಾವುದೋ ಊರಿನ ಸೊಸೆಯೊಬ್ಬಳು ಗಂಡನ ಮನೆಯವರಿಗೆ ಒಬ್ಬೊಬ್ಬರಾಗಿ ಕಾಫಿಯಲ್ಲಿ ವಿಷ ಬೆರೆಸಿ ಕೊಟ್ಟದ್ದು. ಮೊದಲ ಬಲಿ ಅತ್ತೆ. ಇಂಥದ್ದನ್ನು ಅತ್ತೆ ಇರುವ ಮನೆಗೆ ತರಬಾರದು ಎನ್ನುವಷ್ಟು ಬುದ್ಧಿ ನನಗೆ ಬೇಡವೇ?

ನಮ್ಮ ಅತ್ತೆ ಹುಟ್ಟಿ ಬೆಳೆದದ್ದು ಇದೇ ತಮಿಳು ಊರಿನ ಕೀಲ್ಪಾಕಿನಲ್ಲಿ. ಅವರ ಕನ್ನಡದಲ್ಲಿ ಅರ್ಧ ತಮಿಳು. ಮೈಸೂರಿನವಳಾದ ನಾನು ಬಾಯಿ ತೆರೆದರೆ, ‘ಮಾತನ್ನ ಯಾಕಮ್ಮಾ ಹಾಗೆ ಎಳೀತೀ?’ ಎನ್ನುತ್ತಾರೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಬಾಲ್ಕನಿಯ ಕುರ್ಚಿಯಲ್ಲಿ ಕೂತು, “ಏನಮ್ಮಾ, ಕಾಫಿ ಎಂಗೇ?” ಎಂದು ಕೂಗಿ ಕಾಫಿ ಎಲ್ಲಿ ಎಂದು ಕೇಳುವುದು ಅವರ ಸುಪ್ರಭಾತ. ಮದುವೆಯಾದಾಗಿನಿಂದ ಆ ಕೂಗಿಗೆ ನನಗೆ ಮೈ ಉರಿಯುತ್ತಿತ್ತು. ಆದರೆ ನನ್ನ ಸಾರು, ನನ್ನ ಪಲ್ಯ, ನನ್ನ ತವರು ಎಲ್ಲಕ್ಕೂ ಹೆಸರಿಟ್ಟವರು ನನ್ನ ಕಾಫಿಗೆ ಮಾತ್ರ ಒಂದು ದಿನವೂ ಹೆಸರಿಟ್ಟಿರಲಿಲ್ಲ. ಶುಗರ್ ಏರಿದೆ ಎಂದು ಡಾಕ್ಟರು ಹೇಳಿ, ನಾನು ಸಕ್ಕರೆ ನಿಲ್ಲಿಸಿದಾಗಲೂ ತುಟಿ ಪಿಟಕ್ಕೆನ್ನದೆ ಕುಡಿದಿದ್ದರು.

ಆ ಪುಸ್ತಕವನ್ನು ಭೂತಗನ್ನಡಿ ಹಿಡಿದು ನನಗಿಂತ ಮೊದಲೇ ಓದಿ ಮುಗಿಸಿದರು. ಮರುದಿನ ಬೆಳಿಗ್ಗೆ ಕೂಗಿಲ್ಲ. ನೇರ ಅಡುಗೆಮನೆಗೇ ಬಂದರು.

“ನೀ ಸ್ವಲ್ಪ ಸರಿ. ಇನ್ಮೇಲೆ ನನ್ ಕಾಫಿ ನಾನೇ ಕಲಸ್ಕೋತೀನಿ.”

“ಯಾಕತ್ತೆ?”

“ಸುಮ್ಮಾ,” ಎಂದರು.

ಸುಮ್ಮನೆ ಅಂತೆ! ಶೋಳಿಂಗನಲ್ಲೂರಿನ ಆಫೀಸಿಗೆ ಕ್ಯಾಬ್ ಹತ್ತುವ ಆತುರದಲ್ಲಿದ್ದ ನನ್ನ ಗಂಡನಿಗೆ ಹೇಳಿಕೊಂಡರೆ, “ಅಮ್ಮ ಆ ಪುಸ್ತಕ ಓದಿ ಮುಗಿಸಿದ್ರಾ?” ಎಂದು ಕೇಳಿ ಪಕಪಕ ನಕ್ಕರು. ನನಗೆ ಅಳು ಬಂತು. ಅವತ್ತಿನಿಂದ ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಟ್ಟಾಣಿಯ ಟಕ್ ಟಕ್ ಸದ್ದು. ಶುಂಠಿಯೋ ಮೆಣಸೋ, ವಿಷಕ್ಕೆ ಮದ್ದಿರಬೇಕು ಎಂದುಕೊಂಡೆ. ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಇದಾ ಮರ್ಯಾದೆ? ಸಿಟ್ಟಿಗೆ ನಾನೂ ಮಾತು ಕಡಿಮೆ ಮಾಡಿದೆ. ಆದರೆ ಆ ಹಾಳು ಕೂಗಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಶನಿವಾರ ಮಧ್ಯಾಹ್ನ ಎಲ್ಲರೂ ಬಂದರು. ಕೇಸರಿಬಾತು, ಬೋಂಡ ಮಾಡಿ ಮುಚ್ಚಿಟ್ಟಿದ್ದೆ. ಅಭಿಪ್ರಾಯಗಳು ಶುರುವಾದವು.

“ಅಲ್ಲಾ, ಅಷ್ಟ್ ಜನ ಸತ್ರೂ ಕಾಫಿ ಮಾಡೋಳನ್ನ ಬದಲಾಯಿಸ್ಲಿಲ್ವಲ್ಲ! ಎಂಥಾ ಮಂಕುಮುಂಡೇವು!” ಎಂದರು ಮಂಡ್ಯ ಕಡೆಯವರು.

ವಕೀಲರ ಹೆಂಡತಿ ಕನ್ನಡಕ ಸರಿಮಾಡಿಕೊಂಡು, ಸಾಕ್ಷಿ ಸಾಲದು, ತಮ್ಮ ಮನೆಯವರಾಗಿದ್ದರೆ ಅವಳನ್ನು ಬಿಡಿಸಿಬಿಡುತ್ತಿದ್ದರು ಎಂದರು. ಪಕ್ಕದ ಬೀದಿಯವರು ಪುಸ್ತಕದ ನಡುವಿನ ಫೋಟೋಗಳನ್ನಷ್ಟೇ ನೋಡಿದ್ದರು. “ಕೋರ್ಟಿಗೆ ಬರೋವಾಗ್ಲೂ ಎಷ್ಟು ನೀಟಾಗಿ ನೆರಿಗೆ ಹಿಡಿದಿದಾಳೆ ನೋಡ್ರೀ. ಮನಸ್ಸಲ್ಲಿ ಭಯ ಇದ್ರೆ ಹಾಗೆ ಉಡಕ್ಕಾಗತ್ತಾ?” ಎಂಬುದು ಅವರ ವಿಮರ್ಶೆ.

“ಮಾಮಿ, ನೀವೇನಂತೀರಿ?” ಎಂದು ಯಾರೋ ಅತ್ತೆಯನ್ನು ಕೇಳಿದರು.

“ಬರೆದವನಿಗೆ ಕಾಫಿ ತೆರಿಯಾದು, ಏನೂ ಗೊತ್ತಿಲ್ಲ,” ಎಂದರು ಅತ್ತೆ. “ಒಳ್ಳೇ ಡಿಕಾಕ್ಷನ್‌ಗೆ ಏನು ಬೆರೆಸಿದ್ರೂ ನಾಲಿಗೆಗೆ ಗೊತ್ತಾಗತ್ತೆ. ಅವಳ ಅತ್ತೆ ಇನ್‌ಸ್ಟಂಟ್ ಕುಡಿಯೋಳು. ಅದಕ್ಕೇ ಸತ್ಲು.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದೇ ಸಂತೋಷದಲ್ಲಿ ನಾನು ತಟ್ಟೆಗಳನ್ನು ತಂದಿಟ್ಟು, ಕಾಫಿ ಲೋಟಗಳ ತಟ್ಟೆಯನ್ನು ಹಿರಿಯರೆಂದು ಮೊದಲು ಅತ್ತೆಯ ಮುಂದೆ ಹಿಡಿದೆ. ಅವರದಕ್ಕೆ ಸಕ್ಕರೆ ಹಾಕಿರಲಿಲ್ಲ.

“ನಂಗೆ ವೇಂಡಾಂ. ನಂದು ನಾನೇ ಕಲಸ್ಕೋತೀನಿ,” ಎಂದು ಎದ್ದು ಒಳಗೆ ಹೋದರು.

ನಗು ನಿಂತಿತು. ಮಂಡ್ಯದವರ ಬೋಂಡ ಬಾಯಿಯ ಹತ್ತಿರ ಹೋಗಿದ್ದು ಮೆಲ್ಲಗೆ ತಟ್ಟೆಗೆ ಇಳಿಯಿತು. ವಕೀಲರ ಹೆಂಡತಿ ನನ್ನ ಕೈಯ ತಟ್ಟೆಯಿಂದ ಎತ್ತಿದ್ದ ಲೋಟವನ್ನು ಸದ್ದಿಲ್ಲದೆ ಅದರ ದವರದ ಬಟ್ಟಲಲ್ಲಿಟ್ಟರು. ಸ್ವಂತ ಅತ್ತೆಯೇ ಕುಡಿಯದ ಕಾಫಿಯನ್ನು ಅವರಾದರೂ ಯಾಕೆ ಕುಡಿದಾರು? ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಟ್ಟೆಯನ್ನು ಟೇಬಲ್ಲಿನ ಮೇಲೆ ಕುಕ್ಕಿ ದಡದಡ ಅಡುಗೆಮನೆಗೆ ನುಗ್ಗಿದೆ.

ಅತ್ತೆ ಕುಟ್ಟಾಣಿಯ ಮೇಲೆ ಬಗ್ಗಿ ಟಕ್ ಟಕ್ ಎನ್ನಿಸುತ್ತಿದ್ದರು. ಪಕ್ಕದಲ್ಲಿ ದೇವರಮನೆಯ ಬೆಳ್ಳಿ ಡಬ್ಬಿ, ಮುಚ್ಚಳ ತೆರೆದಿತ್ತು. ಕುಟ್ಟಾಣಿಯಲ್ಲಿ ನೈವೇದ್ಯದ ಕಲ್ಲುಸಕ್ಕರೆ! ಮನೆಯ ಸಕ್ಕರೆ, ಬೆಲ್ಲ ಎಲ್ಲ ಅವರ ಕೈಗೆ ಸಿಗದ ಹಾಗೆ ಅಟ್ಟಕ್ಕೇರಿಸಿದ್ದೆ. ದೇವರ ಪಾಲಿನದು ನನ್ನ ತಲೆಗೇ ಹೊಳೆದಿರಲಿಲ್ಲ. ಮಡಿಯಿಲ್ಲದೆ ಆ ಡಬ್ಬಿ ಮುಟ್ಟುವವಳೂ ನಾನಲ್ಲ.

“ಅತ್ತೆ! ಇದೇನಿದು?”

“ಪ್ರಸಾದ,” ಎಂದರು, ಬೆಚ್ಚಿಬಿದ್ದು.

“ಪ್ರಸಾದಕ್ಕೆ ಶುಗರ್ ಏರಲ್ವಾ?”

“ದೇವರಿಗೆ ಇಟ್ಟಿದ್ದು ಎಪ್ಪಡಿ ಏರತ್ತೆ?”

“ಮಾಮಿ ಸಿಕ್ಕಿಬಿದ್ರು!” ಬಾಗಿಲಲ್ಲಿ ಮಂಡ್ಯದವರ ದನಿ. ಅವರ ಹಿಂದೆ ಇಡೀ ಓದುಗರ ಬಳಗ ಕತ್ತು ಉದ್ದ ಮಾಡಿ ನಿಂತಿತ್ತು.

ನನಗೆ ನಗು ಬರಲಿಲ್ಲ. “ಇಷ್ಟು ದಿನ ನಾನು ವಿಷ ಹಾಕ್ತೀನಿ ಅಂತ ನೀವು…” ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಅತ್ತೆ ಬಾಯಿ ಬಿಟ್ಟುಕೊಂಡು ನೋಡಿದರು. “ವಿಷವಾ? ನೀನಾ? ಅಯ್ಯೋ ಪೈತ್ಯಮೇ, ಹುಚ್ಚೀ, ಡಾಕ್ಟರ್ ಬೇಡ ಅಂದಿದ್ದಕ್ಕೆ ಒಂದು ಹರಳು ಸಕ್ಕರೆ ಹಾಕದವಳು ನೀನು. ವಿಷ ಹಾಕ್ತೀಯಾ? ಕಾಫಿಗೆ ಗುಟ್ಟಾಗಿ ಬೆರೆಸ್ಬೋದು ಅಂತ ಆ ಪುಸ್ತಕ ಓದೇ ನಂಗೆ ಹೊಳೆದದ್ದು.”

ಆಮೇಲೆ ಬಾಗಿಲಲ್ಲಿದ್ದವರನ್ನು ನೋಡಿದರು. ಅವರ ತಲೆಗಳ ಆಚೆ, ಯಾರೂ ಮುಟ್ಟದ ತಿಂಡಿ ತಟ್ಟೆಗಳನ್ನೂ ತುಂಬಿದ ಲೋಟಗಳನ್ನೂ ನೋಡಿದರು. ಎಲ್ಲರನ್ನೂ ಸರಿಸಿಕೊಂಡು ಹಾಲಿಗೆ ನಡೆದರು. ನಾನು ಕೊಟ್ಟಿದ್ದ ಸಪ್ಪೆ ಕಾಫಿಯ ಲೋಟ ತೆಗೆದುಕೊಂಡು, ತಲೆಯೆತ್ತಿ, ತುಟಿಗೆ ತಾಗಿಸದೆ ಎತ್ತಿ ಸುರಿದುಕೊಂಡರು. ಹರಳೆಣ್ಣೆ ಕುಡಿದವರ ಹಾಗೆ ಮುಖ ಕಿವುಚಿದರು. ಆದರೂ ನಿಲ್ಲಿಸಲಿಲ್ಲ. ಕೊನೆಗೆ ಲೋಟವನ್ನು ದವರದಲ್ಲಿ ಬೋರಲು ಹಾಕಿದರು. ಒಂದು ತೊಟ್ಟೂ ಬೀಳಲಿಲ್ಲ.

“ಈಗ ಕುಡೀರಿ ಎಲ್ಲಾರೂ,” ಎಂದು ಗದರಿದರು. “ನನ್ ಸೊಸೆ ಕಾಫಿ ಆರಿಹೋಗ್ತಿದೆ.”

ಕೇಸರಿಬಾತು ಪಾತ್ರೆಯ ತಳಕ್ಕೂ ಉಳಿಯಲಿಲ್ಲ. ಮಂಡ್ಯದವರು ಮನೆಗೂ ನಾಲ್ಕು ಬೋಂಡ ಕಟ್ಟಿಸಿಕೊಂಡರು.

ಮರುದಿನ ಬೇಗ ಎದ್ದು, ಸ್ನಾನ ಮಾಡಿ, ದೇವರ ಡಬ್ಬಿಯ ಕಲ್ಲುಸಕ್ಕರೆ ತೆಗೆದು ಬಾದಾಮಿ ತುಂಬಿಸಿದೆ. ಡಿಕಾಕ್ಷನ್ ಇಳಿಯುತ್ತಿತ್ತು. ಬಾಲ್ಕನಿಯಿಂದ ಕೂಗು ಬಂತು.

“ಏನಮ್ಮಾ, ಕಾಫಿ ಎಂಗೇ?”

ಸೀರೆಗೆ ಚೆಲ್ಲಿಕೊಳ್ಳುತ್ತಲೇ ಓಡಿದೆ. ಅತ್ತೆ ಲೋಟದೊಳಕ್ಕೆ ಇಣುಕಿದರು.

“ಹಾಕಿದ್ಯಾ?”

“ಇಲ್ಲ.”

“ಕೊಲೆಗಾತಿ,” ಎಂದು ಪೂರ್ತಿ ಕುಡಿದರು.