ಜಾಯ್ನ್ ಅಲ್ಲ, ಕನ್‌ಜಾಯ್ನ್

ಅಕ್ಕೋರ ಮೂಗು ನಡುವೆ ಮುರಿದು ಎಡಕ್ಕೆ ವಾಲಿತ್ತು. ಗಂಡ ಅವರ ಮುಖವನ್ನು ಬಾಗಿಲ ಚೌಕಟ್ಟಿಗೆ ಬಡಿದಾಗ ಆದದ್ದು. ಡಾಕ್ಟರು ಸರಿಮಾಡುತ್ತೇನೆಂದರೂ ಒಪ್ಪಿರಲಿಲ್ಲ. "ದಿನಾ ಕನ್ನಡಿ ನೋಡಿದಾಗ ನೆನಪಿರಬೇಕು, ತಂಗಿ" ಎನ್ನುತ್ತಿದ್ದರು.

ನನ್ನ ಯಜಮಾನರಿಗೆ ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾಗಿ ಕಲಬುರಗಿಯಿಂದ ಬಂದ ನನಗೆ ಪಕ್ಕದ ಮನೆಯ ಅಕ್ಕೋರೇ ದಿಕ್ಕು. ಬೀದರ್ ಕಡೆಯವರು, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಅದಕ್ಕೇ ಎಲ್ಲರಿಗೂ ಅಕ್ಕೋರು. ಸಂಜೆ ಮೆಂತ್ಯೆ ಸೊಪ್ಪು ಸೋಸುತ್ತ ನನಗೂ ಕಲಿಸುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ, ನಾನೇ ತಿದ್ದಿಕೊಳ್ಳುವವರೆಗೆ ಸುಮ್ಮನೆ ನೋಡುತ್ತಿದ್ದರು.

ಒಂದು ಸಂಜೆ ಮೊಬೈಲ್ ಹಿಡಿದು, ಓದು ಎಂದರು. ಸಂಭಾಜಿನಗರದಿಂದ ಅವರ ನಾದಿನಿಯ ಮಗಳು ಕಳಿಸಿದ್ದ ಇಂಗ್ಲಿಷ್ ಲಗ್ನಪತ್ರಿಕೆ. 'ಕನ್‌ಜಾಯ್ನ್' ಎಂಬಲ್ಲಿ ತಡವರಿಸಿದೆ. ಬರೀ 'ಜಾಯ್ನ್' ಅಂದರೆ ಸಾಲದೇ ಎಂದು ಕೇಳಿದೆ.

"ನೌಕರಿಗೆ, ನಳದ ಪೈಪಿಗೆ ಜಾಯ್ನ್ ಸಾಕು. ಇದು ಭಾರದ ಶಬ್ದ, ಮಾತಿನ್ಯಾಗ ಬರಂಗಿಲ್ಲ. ಕಾಯ್ದೆದಾಗ, ಇಂಥಾ ಪತ್ರಿಕೆದಾಗ ಬರೀತಾರ. ಎರಡು ಕೂಡಿ ಒಂದಾಗೂದು ಅಂತ ಅರ್ಥ." ಸೊಪ್ಪಿನ ಕಡ್ಡಿ ಮುರಿದರು. "ಮದಲಿನ ಗಂಟು ಬಿಚ್ಚದೇ ಮತ್ತೊಂದು ಹ್ಯಾಂಗ ಕೂಡ್ತದ? ಮದುಮಗನ ಹೆಸರು ಓದು. ನನ್ನ ಗಂಡ."

ಅಕ್ಕೋರು ಗಂಡನನ್ನು ಬಿಟ್ಟು ಬಂದು ವರ್ಷಗಳಾಗಿದ್ದರೂ ಕೋರ್ಟಿನಲ್ಲಿ ಮದುವೆಯ ಬಿಡುಗಡೆ ಆಗಿರಲೇ ಇಲ್ಲ. ಪೊಲೀಸರಿಗೆ ಹೇಳೋಣವೆಂದೆ. ಬೇಡ, ಅವನ ಮುಖ ನಾನೇ ನೋಡಬೇಕು ಎಂದರು.

ಮದುವೆಯ ದಿನ ತಮ್ಮ ಧಾರೆಯ ಪೈಠಣಿ ಸೀರೆ ಉಟ್ಟು ಸಂಭಾಜಿನಗರಕ್ಕೆ ಹೊರಟರು, ಜೊತೆಗೆ ನಾನು. ಮಂಟಪದಲ್ಲಿ ಜನರ ಕೈಗೆ ಅಕ್ಕಿಕಾಳು ಬಂದಿತ್ತು. ಅಕ್ಕೋರು ಮದುಮಗನತ್ತ ತಿರುಗಲೂ ಇಲ್ಲ. ನೇರ ಹೋಗಿ ಅತ್ತೆಯ ಕಾಲಿಗೆ ಬಿದ್ದರು. ಕಣ್ಣು ಮಂಜಾದ ಆ ಮುದುಕಿ ರೂಢಿಯಂತೆ ತಲೆ ಮುಟ್ಟಿ, "ಮುತ್ತೈದೆಯಾಗಿ ಬಾಳು, ಸೊಸಿ" ಅಂದುಬಿಟ್ಟಳು. ಅಂದ ಮೇಲೆ ಬಾಯಿಗೆ ಸೆರಗು ಹಿಡಿದಳು.

ಮದುಮಗಳ ತಂದೆ ಪಕ್ಕದಲ್ಲೇ ಇದ್ದರು, ಅವರೂ ನಮ್ಮ ಕಡೆಯವರೇ. ಯಾರ ಸೊಸೆ ಎಂದು ಕೇಳಿದರು. ಅಕ್ಕೋರು ಎದ್ದು ನಿಂತು ಹೇಳಿದರು:

"ನಾ ಇವನ ಹೆಂಡತಿ. ಕೋರ್ಟು ಇನ್ನೂ ಬಿಡಿಸಿಲ್ಲರಿ. ನನ್ನ ಮೂಗು ನೋಡ್ರಿ, ನೋಡಿ ನಿಮ್ಮ ಮಗಳಿಗಿ ತಾಳಿ ಕಟ್ಟಿಸ್ರಿ."

ಐನೋರ ಮಂತ್ರ ನಿಂತಿತು. ಹುಡುಗಿ ತಾನೇ ಬಾಸಿಂಗ ಬಿಚ್ಚಿ ಒಳಗೆ ನಡೆದಳು. ಆಗ ಮಾತ್ರ ಅಕ್ಕೋರು ಗಂಡನ ಕಡೆ ತಿರುಗಿ, ಅವನು ತಲೆ ತಗ್ಗಿಸುವವರೆಗೂ ಅವನನ್ನೇ ನೋಡಿದರು.

ವಾಪಸಾಗುವಾಗ, ಈಗಾದರೂ ಸಿಟ್ಟು ಇಳಿಯಿತೇ ಎಂದೆ. "ಇಳೀಬಾರದು" ಎಂದರು. ಮುಂದೆ ಅವನು ಬಿಡುಗಡೆ ಕೇಳಿ ಹಿರಿಯರನ್ನು ಕಳಿಸಿದಾಗಲೆಲ್ಲ ಚಹಾ ಕೊಟ್ಟು, ಇಲ್ಲವೆಂದು ಕಳಿಸುತ್ತಿದ್ದರು. ನನಗೆ ನೌಕರಿ ಸಿಗುವವರೆಗೆ ಬೆನ್ನು ಬಿಡದವರೂ ಅವರೇ.

ಕಳೆದ ವರ್ಷ ಕಾಯಿಲೆ ಬಿದ್ದಾಗ ನನ್ನ ಕೈ ಹಿಡಿದು, ಅವನ ಕೈಯ ಮಣ್ಣು ತಮ್ಮ ಮೇಲೆ ಬೀಳಕೂಡದು ಎಂದು ಮಾತು ತೆಗೆದುಕೊಂಡರು. ಅಕ್ಕೋರು ತೀರಿಕೊಂಡು, ಹೂಳುವ ಹೊತ್ತಿಗೆ ಅವನು ಬಂದೇ ಬಂದ. ಮುಷ್ಟಿಯಲ್ಲಿ ಮಣ್ಣು ಹಿಡಿದು, ಗಂಡನ ಹಕ್ಕು ಎಂದ. ನಾನು ಗುಂಡಿಯ ಅಂಚಿನಲ್ಲಿ ಅಡ್ಡ ನಿಂತೆ. ನೀನ್ಯಾರು ಎಂದು ಗದರಿದ.

"ಅವರ ಹತ್ರ ಕಲಿತಾಕಿ" ಎಂದೆ.

ಜನ ನೋಡುತ್ತಿದ್ದರು. ಅವನ ಮುಷ್ಟಿಯ ಮಣ್ಣು ಅವನ ಚಪ್ಪಲಿಯ ಮೇಲೆಯೇ ಉದುರಿತು. ನಾನು ಬಗ್ಗಿ ಮೊದಲ ಹಿಡಿ ಹಾಕಿದೆ.