ನೆಲದಿಂದ ಚಾವಣಿಯವರೆಗೆ

ನ್ಯಾಮತಿಯ ಹೊಸ ಸಮುದಾಯ ಭವನದೊಳಗೆ ಕಾಲಿಟ್ಟವರು ಮೊದಲು ತಲೆ ಎತ್ತುತ್ತಾರೆ. ಒಳಗೆ ಒಂದು ಕಂಬವೂ ಇಲ್ಲ. ಕಾಂಕ್ರೀಟಿನ ಚಾವಣಿ ಮಡಿಕೆ ಮಡಿಕೆಯಾಗಿ ಮೇಲೇರಿದೆ. ತುದಿಯ ಗಾಜಿನಿಂದ ಬೆಳಕು ಇಳಿಯುತ್ತದೆ. ಇಷ್ಟೆತ್ತರ ಒಂದೇ ಫೋಟೋದಲ್ಲಿ ಹಿಡಿಸುವುದಿಲ್ಲ. ಭವನದ ಫೋಟೋ ತೆಗೆಯಲು ಬಂದಿದ್ದ ನಾನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ನೆಲದಿಂದ ಸ್ವಲ್ಪಸ್ವಲ್ಪವೇ ಮೇಲಕ್ಕೆ ತಿರುಗಿಸುತ್ತ ಚಿತ್ರ ತೆಗೆದು, ಲ್ಯಾಪ್‌ಟಾಪಿನಲ್ಲಿ ಒಂದಕ್ಕೊಂದು ಹೊಲಿದಂತೆ ಜೋಡಿಸತೊಡಗಿದೆ.

ಕಸ ಗುಡಿಸುತ್ತಿದ್ದ ಹಾಲಮ್ಮ ಹತ್ತಿರ ಬಂದರು.

"ಮ್ಯಾಲಿಂದು, ಕೆಳಗಿಂದು ಎಲ್ಲಾ ಒಂದ್ರಾಗೇ ಬರ್ತೈತೇನ್ರಿ?"

"ಬರುತ್ತಮ್ಮ."

"ಗಾಜಿನ ಪಕ್ಕದ ಮೂಲೆ ಐತಲ್ರಿ, ಕಾಂಕ್ರೀಟ್ ಹಾಕಾಕೆ ಅದರ ಸೆಂಟ್ರಿಂಗ್ ಹಲಗೆ ಕಟ್ಟಿದ್ದು ನಮ್ಮನೆಯವ್ರು. ಹಲಗೆ ಬಿಚ್ಚಾಕೆ ಹತ್ತಿದಾಗ ಜಾರಿ ನೆಲಕ್ಕೆ ಬಿದ್ರು. ಉಳೀಲಿಲ್ಲ."

ಎಲ್ಲಿ ಬಿದ್ದರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಚಿತ್ರ ಪೂರ್ತಿಯಾದ ಮೇಲೆ ಅವರಿಗೆ ತೋರಿಸಿದೆ. ಚಾವಣಿಯಿಂದ ನೆಲದವರೆಗೆ ಎಲ್ಲೂ ಬೆಸುಗೆಯ ಗೆರೆ ಕಾಣುತ್ತಿರಲಿಲ್ಲ. ಹಾಲಮ್ಮ ಬಹಳ ಹೊತ್ತು ನೋಡಿದರು. ಮನೆಯ ಗೋಡೆಗೆ ಹಾಕಲು ಒಂದು ಬೇಕೆಂದರು. ಹೊನ್ನಾಳಿಯಲ್ಲಿ ಪ್ರಿಂಟ್ ಹಾಕಿಸಿ ಬಸ್ಸಿನಲ್ಲಿ ಕಳಿಸುತ್ತೇನೆಂದೆ.

ಅವರು ಸೆರಗಿನಿಂದ ಕೈ ಒರೆಸಿಕೊಂಡು, ಪರದೆಯ ನಡುವೆ ಬೆರಳನ್ನು ಅಡ್ಡ ಇಟ್ಟರು.

"ಇಲ್ಲಿಗೆ ಕತ್ತರಿಸಿ ಕೊಡ್ರಿ. ಮ್ಯಾಲೆ ಅವ್ರು ಕೆಲ್ಸ ಮಾಡಿದ್ದು, ಅದು ಇರ್ಲಿ. ನೆಲಾನ ದಿನಾ ನಾನೇ ಗುಡಿಸ್ತೀನಿ. ಅದು ಮನೇಗೂ ಬ್ಯಾಡ."

ಅಷ್ಟು ಜೋಪಾನವಾಗಿ ಜೋಡಿಸಿದ್ದನ್ನು, ಅವರು ಬೆರಳಿಟ್ಟ ಕಡೆಯಲ್ಲೇ ಕತ್ತರಿಸಿದೆ.